ಕೇಳದೇ ಸಿಕ್ಕ ಕೈ

ಸುಂಕೇರಿ, ಕಾರವಾರ
ತಾ. ೮ ನವೆಂಬರ್ ೧೯೩೧

ಗಂಗೂ,

ಕಾಗದದ ಮೊದಲ ಸಾಲಿನಲ್ಲಿ 'ಕ್ಷೇಮ' ಎಂದು ಬರೆಯಬೇಕೆಂದು ಅಮದಳ್ಳಿ ಶಾಲೆಯಲ್ಲಿ ನಮ್ಮಿಬ್ಬರಿಗೂ ಮಾಸ್ತರು ಕಲಿಸಿದ್ದರು. ಎಂಟು ವರ್ಷದ ಮಗಳು ಅಂಗಳದಲ್ಲಿ ಎರಡೂ ಕೈ ಊರಿ ಮೈ ಎಳೆದುಕೊಂಡು ಓಡಾಡುವುದನ್ನು ನೋಡುತ್ತ ಆ ಶಬ್ದ ಬರೆಯಲು ಮನಸ್ಸು ಬರುವುದಿಲ್ಲ. ಇದ್ದೇವೆ, ಅಷ್ಟೇ.

ವಿಷಯಕ್ಕೆ ಬರುತ್ತೇನೆ. ಹಳೇ ಗೋವೆಯಲ್ಲಿ ಬರುವ ತಿಂಗಳು ನಮ್ಮ ಸಾಯಬನ, ಅಂದರೆ ಸಂತ ಫ್ರಾನ್ಸಿಸ್ ಝೇವಿಯರನ, ದೇಹವನ್ನು ಹೊರಗೆ ತೆಗೆದು ದರ್ಶನಕ್ಕೆ ಇಡುತ್ತಾರೆ. ಹಿಂದಿನ ಸಲ ಇಟ್ಟಾಗ ರೆಜಿನ್ ಹುಟ್ಟಿರಲಿಲ್ಲ. ಮುಂದಿನ ಸಲ ಇಡುವ ಹೊತ್ತಿಗೆ ಅವಳು ಮದುವೆಯ ವಯಸ್ಸಿಗೆ ಬಂದಿರುತ್ತಾಳೆ. ಹೋಗುವುದಾದರೆ ಈಗಲೇ. ಆ ಪಾದ ಮುಟ್ಟಿದ ಕುರುಡರಿಗೆ ಕಣ್ಣು ಬಂದದ್ದು, ಕುಂಟರು ಊರುಗೋಲನ್ನು ಅಲ್ಲೇ ಬಿಟ್ಟು ನಡೆದದ್ದು ನಮ್ಮವರೆಲ್ಲರ ಬಾಯಲ್ಲೂ ಇದೆ. ಜ್ವರ ಬಂದು ಅವಳ ಕಾಲು ಸೋತ ದಿನದಿಂದ ನಾನು ಮೀನು ಬಿಟ್ಟಿದ್ದೇನೆ. ಕಾರವಾರದವಳು ಮೀನು ಬಿಡುವುದೆಂದರೆ ಏನೆಂದು ನಿನಗೆ ಹೇಳಬೇಕಾಗಿಲ್ಲ. ಇಗರ್ಜಿಯ ಬಾಗಿಲಿನಿಂದ ಸಾಯಬನ ಪಾದದವರೆಗೆ, ಮಗಳನ್ನು ಎತ್ತಿಕೊಂಡು, ಮೊಣಕಾಲ ಮೇಲೆ ಹೋಗುವ ಹರಕೆಯನ್ನೂ ಹೊತ್ತಿದ್ದೇನೆ.

ರೆಜಿನಳ ಅಪ್ಪನಿಗೆ ಬರಲಾಗುವುದಿಲ್ಲ. ಯೇಸು ಹುಟ್ಟಿದ ನತಾಲ ಹಬ್ಬದೊಳಗೆ ಒಂದು ಮನೆಯ ಬಾಗಿಲು ಕಿಟಕಿಗಳನ್ನೆಲ್ಲ ಮುಗಿಸಿಕೊಡಬೇಕಾಗಿದೆ. ಬಡಗಿ ಉಳಿ ಕೆಳಗಿಟ್ಟರೆ ಮನೆಯ ಒಲೆ ಉರಿಯುವುದಿಲ್ಲ. ನೀನು ಬರುತ್ತೀಯಾ? ನಿನಗೆ ಒಂದೇ ಕೈ ಎಂದು ಯೋಚಿಸಬೇಡ. ಗಂಟು ಕಾಯಲು, ನನ್ನ ಸಂಗಡ ಮಾತಾಡಲು ಅದು ಸಾಕು. ಅಲ್ಲಿಗೆ ಹಿಂದೂಗಳೂ ಬರುತ್ತಾರೆ, ಯಾರೂ ತಡೆಯುವುದಿಲ್ಲ. ಹೊಗೆ ಬಿಡುತ್ತ ಕಡಲಲ್ಲಿ ಹೋಗುವ ಆಗಬೋಟು ಹತ್ತಬೇಕೆಂದು ನೀನು ಚಿಕ್ಕಂದಿನಿಂದ ಹೇಳುತ್ತಿದ್ದೆ, ಆ ಆಸೆಯೂ ತೀರಿದ ಹಾಗಾಯಿತು.

ನಿನ್ನ
ನತಾಲಿನ್


ವಂದಿಗೆ, ಅಂಕೋಲೆ
ತಾ. ೧೭ ನವೆಂಬರ್ ೧೯೩೧

ನತಾಲೀ,

ಹೇಳುವವಳು ನಾನು, ಬರೆಯುವವರು ನಮ್ಮನೆಯವರು. ಬಲಗೈ ಸ್ವಾಧೀನ ತಪ್ಪಿ ಬಿದ್ದು ಮೂರು ಮಳೆಗಾಲ ಕಳೆದರೂ ನನ್ನ ಮಾತನ್ನು ಇನ್ನೊಬ್ಬರ ಅಕ್ಷರದಲ್ಲಿ ಕಳಿಸುವುದು ಒಗ್ಗಿಲ್ಲ. ವೈದ್ಯರ ಎಣ್ಣೆಗೂ ದವಾಖಾನೆಯ ಸೂಜಿಗೂ ಈ ಕೈ ಜಗ್ಗಲಿಲ್ಲವೆಂದು ನಿನಗೆ ಗೊತ್ತೇ ಇದೆ. ಈಗ ಅದರ ಮೇಲೆ ಆಸೆಯನ್ನೇ ಇಟ್ಟುಕೊಂಡಿಲ್ಲ. ಎಡಗೈಯಲ್ಲಿ ಅನ್ನ ಕಲಸುವಾಗ ಅತ್ತೆ ಮುಖ ಆಚೆ ತಿರುಗಿಸುತ್ತಾರೆ. ಅದೊಂದು ಇಲ್ಲದಿದ್ದರೆ ಚಿಂತೆಯಿಲ್ಲ.

ನಾನು ಬರುತ್ತೇನೆ. ಅತ್ತೆ ಒಪ್ಪಲಿಲ್ಲ. "ಕಿರಿಸ್ತಾಂವರ ದೇವ್ರ ಹತ್ರ ಎಂತಕ್ಕೆ ಹೋಗೂದು? ನಮ್ಮ ಬೊಮ್ಮಯ್ಯ ಕಣ್ಣು ಮುಚ್ಕಂಡು ಕೂತಿದ್ನೇನೆ?" ಎಂದರು. "ನಾ ನನ್ನ ಸಲುವಾಗಿ ಹೋಗೂದಲ್ಲ, ರೆಜಿನಳ ಸಲುವಾಗಿ" ಎಂದೆ. ಮಗುವಿನ ಹೆಸರು ಬಂದಾಗ, ಹೋಗಿ ಬಾ ಎಂದರು.

ದಿನ ಗೊತ್ತುಮಾಡಿ ತಿಳಿಸು. ಮೋಟಾರಿಗೆ ಬಂದು ನಿಮ್ಮ ಮನೆಯಲ್ಲಿ ಇಳಿಯುತ್ತೇನೆ.

ಗಂಗೂ

(ಇನ್ನು ಬರೆಯುವವನ ಮಾತು. ನತಾಲಿನ್‌ಬಾಯಿಯವರೇ, ಇವಳು ಬರೆಸದ ಒಂದು ಸಂಗತಿ ಹೇಳುತ್ತೇನೆ. ನಿಮ್ಮ ಕಾಗದ ಓದಿದಾಗ ಇವಳು ಬಹಳ ದಿನಗಳ ಮೇಲೆ ಬಾಯಿ ತುಂಬ ನಕ್ಕಳು. ಜೋಪಾನವಾಗಿ ಕರೆದುಕೊಂಡು ಹೋಗಿ ಬನ್ನಿ. — ದೇವಿದಾಸ)


ವಂದಿಗೆ, ಅಂಕೋಲೆ
ತಾ. ೨೧ ಡಿಸೆಂಬರ್ ೧೯೩೧

ನತಾಲೀ! ನತಾಲೀ!

ಈ ಅಕ್ಷರ ನೋಡು. ಕಾಗೆಯ ಕಾಲಿನ ಹಾಗೆ ಸೊಟ್ಟಗಿದೆ, ಇರಲಿ. ಇದು ನನ್ನದು, ನನ್ನ ಬಲಗೈಯದು!

ಮನೆಗೆ ಬಂದಾಗಿನಿಂದ ಊರೆಲ್ಲ ನಮ್ಮ ಅಂಗಳದಲ್ಲೇ ಇದೆ. ಹೇಳಿ ಹೇಳಿ ಗಂಟಲು ಒಣಗಿತು. ನಿನ್ನ ಕಣ್ಣೆದುರೇ ಆದದ್ದನ್ನು ನಿನಗೇ ಹೇಳುವುದು ಹುಚ್ಚು, ಆದರೂ ಹೇಳುತ್ತೇನೆ. ಆ ನೂಕುನುಗ್ಗಲಿನಲ್ಲಿ ನೀನು ರೆಜಿನಳನ್ನು ಎತ್ತಿಕೊಂಡು ಮೊಣಕಾಲ ಮೇಲೆ ಸರಿಯುತ್ತಿದ್ದೆ. ನಾನು ಪಕ್ಕದಲ್ಲಿ ಗಂಟು ಹಿಡಿದುಕೊಂಡು ಬರುತ್ತಿದ್ದೆ. ಪಾದದ ಹತ್ತಿರಕ್ಕೆ ಬಂದಾಗ ಹಿಂದಿನಿಂದ ಜನ ಒತ್ತಿದರು, ನೀನು ಮುಗ್ಗರಿಸಿದೆ, ಮಗು ನಿನ್ನ ಕೈಯಿಂದ ಜಾರಿತು. ಅಷ್ಟೇ ನನಗೆ ಗೊತ್ತು. ಆಮೇಲೆ ನೋಡಿದರೆ ರೆಜಿನ್ ನನ್ನ ಬಲಗೈಯಲ್ಲಿ ಇದ್ದಳು. ನಾನು ಎತ್ತಲಿಲ್ಲ ನತಾಲೀ, ಅದೇ ಎದ್ದಿತು. ಮಗುವನ್ನು ಕೆಳಗಿಳಿಸಿ ಬೆರಳು ಮಡಚಿ ನೋಡಿದೆ, ಮಡಚಿತು. ಪಕ್ಕದಲ್ಲಿದ್ದ ಮುದುಕಿ ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಇಲ್ಲಿ ಬಂದ ದಿನ ನಾನೇ ತಲೆ ಬಾಚಿಕೊಂಡೆ. ಬಲಗೈಯಲ್ಲಿ ಅನ್ನ ಕಲಸಿ ಅತ್ತೆಯ ಎದುರಿಗೇ ಕೂತು ಉಂಡೆ. ಅವರು ಸೆರಗಿನಲ್ಲಿ ಕಣ್ಣೊರಸಿಕೊಂಡರು. ಮಾರನೆಯ ದಿನ ಬೊಮ್ಮಯ್ಯನಿಗೆ ಕಾಯಿ ಒಡೆಸಿ ಕೋಳಿ ಕೊಟ್ಟರು. "ಗೋವೆಯವ ಬರೀ ನೆಪ, ಕೊಟ್ಟವ ನಮ್ಮ ಬೊಮ್ಮಯ್ಯ" ಎನ್ನುತ್ತಾರೆ. ನಾನು ಇಬ್ಬರಿಗೂ ಕೈ ಮುಗಿದೆ. ಮುಗಿಯಲು ಈಗ ಎರಡು ಕೈ ಇವೆಯಲ್ಲ!

ರೆಜಿನ್ ಹೇಗಿದ್ದಾಳೆ? ಬರುವಾಗ ಆಗಬೋಟಿನಲ್ಲಿ ನೀನು ಒಂದು ಮಾತೂ ಆಡಲಿಲ್ಲ. ಸಮುದ್ರದ ತೂಗಾಟಕ್ಕೆ ತಲೆ ತಿರುಗಿರಬೇಕು ಎಂದುಕೊಂಡೆ. ಈಗ ಹುಷಾರಾಗಿದ್ದೀಯಷ್ಟೆ?

ನಿನ್ನ
ಗಂಗೂ


ಸುಂಕೇರಿ, ಕಾರವಾರ
ತಾ. ೪ ಜನವರಿ ೧೯೩೨

ಗಂಗೂ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಹಬ್ಬದ ಕೆಲಸವಿತ್ತು.

ನನಗೆ ತಲೆ ತಿರುಗಿರಲಿಲ್ಲ. ಆಗಬೋಟಿನಲ್ಲಿ ನಮ್ಮವರೆಲ್ಲ ನಿನ್ನ ಸುತ್ತ ಕೂತು ಆ ಕೈಯನ್ನು ಮುಟ್ಟುತ್ತಿದ್ದರು, ಮುತ್ತಿಡುತ್ತಿದ್ದರು. ನಾನು ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಇನ್ನೊಂದು ಬದಿಗೆ ಕೂತಿದ್ದೆ. ನಮ್ಮ ಕಡೆ ಯಾರೂ ಬರಲಿಲ್ಲ.

ಊರಿನಲ್ಲೂ ಅದೇ. ಬಂದವರೆಲ್ಲ "ಆ ಬಾಯಿ ಎಲ್ಲಿ? ಕೈ ಬಂದವ್ಳು?" ಎಂದು ಕೇಳುತ್ತಾರೆ. ಹಬ್ಬದ ಮರುವಾರ ಪಾದ್ರಿಗಳು ನನ್ನನ್ನು ಇಗರ್ಜಿಯಲ್ಲಿ ನಿಲ್ಲಿಸಿ, ಕಣ್ಣಾರೆ ಕಂಡದ್ದನ್ನು ಹೇಳು ಎಂದರು. ಹೇಳಿದೆ. ಸುಳ್ಳು ಹೇಳಲಾಗುತ್ತದೆಯೇ? ರೆಜಿನ್ ಎದುರಿನ ಬೆಂಚಿನಲ್ಲೇ ಇದ್ದಳು. ಹೇಳಿ ಮುಗಿಸಿದಾಗ ಒಬ್ಬ ಮುದುಕಿ ಅವಳನ್ನು ತೋರಿಸಿ, "ಮತ್ತೆ ಈ ಪೋರಿಗೆ ಎಂತಾ ಆಯ್ತು?" ಎಂದು ಕೇಳಿದಳು. "ಏನೂ ಆಗ್ಲಿಲ್ಲ" ಎಂದೆ. ಅಷ್ಟು ಜನರ ನಡುವೆ ಅದನ್ನು ಹೇಳುವವಳೂ ನಾನೇ ಆಗಬೇಕಾಯಿತು.

ಮನೆಗೆ ಬರುವ ದಾರಿಯಲ್ಲಿ ರೆಜಿನ್, "ಮಾಯ್, ಸಾಯಬನಿಗೆ ನನ್ನ ಗುರ್ತು ಹತ್ಲಿಲ್ವಾ?" ಎಂದಳು.

ಬೊಮ್ಮಯ್ಯನಿಗೆ ಕೋಳಿ ಕೊಟ್ಟದ್ದನ್ನು ಓದಿದೆ. ಸಾಯಬನಿಗೆ ಒಂದು ಮೇಣದ ಬತ್ತಿಯನ್ನಾದರೂ ಹಚ್ಚಿದೆಯಾ?

ನತಾಲಿನ್


ವಂದಿಗೆ, ಅಂಕೋಲೆ
ತಾ. ೧೪ ಜನವರಿ ೧೯೩೨

ನತಾಲೀ,

ನಿನ್ನ ಕಾಗದ ಓದಿ ನನಗೆ ನಾಚಿಕೆಯಾಯಿತು. ನನ್ನ ಸಂತೋಷದಲ್ಲಿ ನಾನು ಕುರುಡಿಯಾಗಿದ್ದೆ. ಮೇಣದ ಬತ್ತಿ ಇಲ್ಲಿ ಸಿಗುವುದಿಲ್ಲ. ಗೋವೆಯ ದಿಕ್ಕಿಗೆ ಮುಖಮಾಡಿ ಎಣ್ಣೆಯ ದೀಪ ಹಚ್ಚಿಟ್ಟೆ.

ನಿನಗೆ ಒಂದು ಮಾತು ತಿಳಿದರೆ ಮನಸ್ಸು ಹಗುರವಾಗಬಹುದು. ಆ ದಿನ ನಾನು ನನ್ನ ಕೈಯನ್ನು ಕೇಳಿಕೊಳ್ಳಲೇ ಇಲ್ಲ. ಇಗರ್ಜಿಯ ಬಾಗಿಲು ದಾಟಿದಾಗಿನಿಂದ ಪಾದದವರೆಗೂ ನನ್ನ ಬಾಯಲ್ಲಿ ಇದ್ದದ್ದು ಒಂದೇ: "ಸಾಯಬಾ, ಈ ಮಗು ನಡೀಲಿ." ದೇವರಾಣೆ. ಕೈಯೊಂದು ನನಗಿದೆಯೆಂಬುದೇ ಆಗ ನೆನಪಿರಲಿಲ್ಲ. ಹಾಗಿರುವಾಗ ನಾನು ನಿನ್ನ ಪಾಲಿನದನ್ನು ಕಸಿದುಕೊಂಡೆ ಎಂದು ನೀನು ತಿಳಿಯಬಾರದು.

ರೆಜಿನಳಿಗೆ ಹೇಳು, ಸಾಯಬನಿಗೆ ಗುರುತು ಹತ್ತಿದೆ, ಸಾವಕಾಶ ಮಾಡುತ್ತಿದ್ದಾನೆ ಎಂದು.

ಗಂಗೂ


ಸುಂಕೇರಿ, ಕಾರವಾರ
ತಾ. ೨೯ ಜನವರಿ ೧೯೩೨

ಗಂಗೂ,

ಆ ಮಾತನ್ನು ನೀನು ಬರೆಯಬಾರದಿತ್ತು.

ನೀನು ನಿನಗಾಗಿ ಕೇಳಿ ಪಡೆದಿದ್ದರೆ ನಾನು ಹೇಗೋ ತಾಳಿಕೊಳ್ಳುತ್ತಿದ್ದೆ. ಕೇಳಿದವಳು, ಸಿಕ್ಕಿತು ಎಂದುಕೊಳ್ಳುತ್ತಿದ್ದೆ. ನನ್ನ ಮಗಳ ಹೆಸರಿನಲ್ಲಿ ಕೇಳಿದ್ದನ್ನೂ ಅವನು ನಿನಗೇ ಕೊಟ್ಟನಲ್ಲ! ಮೀನು ಬಿಟ್ಟವಳು ನಾನು. ಮೊಣಕಾಲ ಚರ್ಮ ಸುಲಿದುಕೊಂಡವಳು ನಾನು. ಅಜ್ಜಿಯ ಕಾಲದಿಂದ ಅವನ ಹೆಸರು ಹೇಳಿ ಮಲಗಿ ಅವನ ಹೆಸರು ಹೇಳಿ ಏಳುವವರು ನಾವು. ನೀನು ಆಗಬೋಟು ನೋಡಲು ಬಂದವಳು. ಸ್ವಂತ ಮಾವ ನಮ್ಮ ಮನೆಗೇ ಬಂದು, ನಮ್ಮ ಜಗಲಿಯ ಮೇಲೇ ಕೂತು, ತಂದ ಉಡುಗೊರೆಯನ್ನು ನೆರೆಮನೆಯವಳಿಗೆ ಕೊಟ್ಟು ಹೋದರೆ ಹೇಗಾಗಬೇಕು?

ಹೊಟ್ಟೆಕಿಚ್ಚು ಪಾಪವೆಂದು ನನಗೆ ಗೊತ್ತು. ಪಾದ್ರಿಗಳ ಎದುರು ಮಂಡಿಯೂರಿ ಹೇಳಿಕೊಂಡೆ. ಜಪ ಮಾಡಲು ಹೇಳಿದರು, ಮಾಡಿದೆ. ಜಪ ಮುಗಿಸಿ ಎದ್ದರೆ ಮತ್ತೆ ನಿನ್ನ ಕೈಯೇ ಕಣ್ಣಮುಂದೆ. ಬಟ್ಟೆ ಒಗೆಯುವಾಗ, ಗಂಗೂ ಈಗ ಬಟ್ಟೆ ಹಿಂಡುತ್ತಿರಬಹುದು ಎಂದು ನೆನಪಾಗುತ್ತದೆ. ರೆಜಿನಳನ್ನು ಎತ್ತಿ ಕೂರಿಸುವಾಗ ನೆನಪಾಗುತ್ತದೆ. ಲಕೋಟೆಯ ಮೇಲೆ ನಿನ್ನ ಬಲಗೈಯ ಅಕ್ಷರ ಕಂಡರೆ ಎದೆಗೆ ಕೆಂಡ ಇಟ್ಟಂತಾಗುತ್ತದೆ.

ಸ್ವಲ್ಪ ಕಾಲ ನನಗೆ ಬರೆಯಬೇಡ.

ನತಾಲಿನ್


ವಂದಿಗೆ, ಅಂಕೋಲೆ
ತಾ. ೨ ಮಾರ್ಚ್ ೧೯೩೨

ನತಾಲೀ,

ಬರೆಯಬೇಡ ಎಂದಿದ್ದೆ, ಇಷ್ಟು ದಿನ ಬರೆಯಲಿಲ್ಲ. ಇದು ಬಲಗೈಯ ಅಕ್ಷರವಲ್ಲ, ಹೆದರದೆ ಓದು.

ಕೈ ಮತ್ತೆ ಬಿತ್ತು. ಒಂದು ಬೆಳಿಗ್ಗೆ ಏಳುವಾಗ ಹೆಗಲಿನಿಂದ ಕೆಳಗೆ ಮೊದಲಿನ ಹಾಗೇ ಜೋತಾಡುತ್ತಿತ್ತು. ಬಂದ ಹಾಗೇ ಹೋಯಿತು. ನಮ್ಮನೆಯವರು ಊರಲ್ಲಿಲ್ಲ, ಕರ ಕೊಡದ ಚಳವಳಿಯವರ ಸಂಗಡ ಸೂರ್ವೆಯ ಕಡೆ ಹೋಗಿದ್ದಾರೆ. ಬರೆದುಕೊಡುವವರು ಬೇರೆ ಯಾರೂ ಇಲ್ಲವೆಂದು ಎಡಗೈಯಲ್ಲೇ ಗೀಚಿದೆ. ಓದಲು ಬಾರದಿದ್ದರೆ ಬಿಡು.

ಇನ್ನು ನಮ್ಮಿಬ್ಬರ ನಡುವೆ ಏನೂ ಇಲ್ಲವಲ್ಲ?

ಗಂಗೂ


ಸುಂಕೇರಿ, ಕಾರವಾರ
ತಾ. ೯ ಮಾರ್ಚ್ ೧೯೩೨

ನನ್ನ ಪ್ರೀತಿಯ ಗಂಗೂ,

ನಿನ್ನ ಕಾಗದ ಕೈಗೆ ಬಂದೊಡನೆ ಬರೆಯಲು ಕೂತೆ. ಅಯ್ಯೋ ಪಾಪ, ನಿನಗೆ ಹೀಗಾಗಬಾರದಿತ್ತು. ಏನು ಮಾಡುವುದು, ದೇವರು ಕೊಟ್ಟದ್ದನ್ನು ದೇವರೇ ತೆಗೆದುಕೊಂಡ. ನೀನು ಎದೆಗುಂದಬೇಡ. ಮೂರು ವರ್ಷ ಒಂದೇ ಕೈಯಲ್ಲಿ ಸಂಸಾರ ಮಾಡಿದವಳಿಗೆ ಮುಂದೆಯೂ ಆಗುತ್ತದೆ. ನಿನ್ನ ಎಡಗೈಯ ಅಕ್ಷರ ಬಲಗೈಯದಕ್ಕಿಂತ ದುಂಡಗಿದೆ ಎಂದರೆ ಸಿಟ್ಟಾಗಬೇಡ!

ನಾನು ಸಿಟ್ಟಿನಲ್ಲಿ ಏನೇನೋ ಬರೆದೆ, ಮರೆತುಬಿಡು. ಈಗ ನಾವು ಮೊದಲಿನ ಹಾಗೇ. ಮೋಟಾರು ನಡೆಸುವ ಬೀರುವಿನ ಕೈಯಲ್ಲಿ ಒಂದು ಬುಟ್ಟಿ ಕಳಿಸಿದ್ದೇನೆ. ಒಣಸಿಗಡಿ ಇದೆ, ನಾನೇ ಕಾಯಿಸಿದ ಬೆಲ್ಲದ ದೊದೊಲ್ ಇದೆ. ಅತ್ತೆಯವರಿಗೂ ಕೊಡು. ಕಾಯಿಹಾಲು ಹಾಕಿ ಕಲಕುತ್ತ ಕೂತಾಗ ಬಾಯಲ್ಲಿ ಹಾಡು ಬಂತು. ರೆಜಿನಳ ಅಪ್ಪ ಕೊಟ್ಟಿಗೆಯಿಂದ ಬಂದು, "ಇವತ್ತು ಎಂತಾ ವಿಶೇಷ?" ಎಂದು ಕೇಳಿದರು. ಇಲ್ಲಿ ಕಡಲಿಗೆ ಬಂಗಡೆ ಬಿದ್ದಿದೆಯಂತೆ, ಬೀದಿಯಲ್ಲೆಲ್ಲ ಅದೇ ವಾಸನೆ. ನೆರೆಮನೆಯ ನಾಯಿ ಮರಿ ಹಾಕಿದೆ. ರೆಜಿನ್ ಒಂದನ್ನು ಮಡಿಲಲ್ಲಿಟ್ಟುಕೊಂಡು ಬಿಡುವುದೇ ಇಲ್ಲ. ನೀನು ಇಲ್ಲಿದ್ದಿದ್ದರೆ ಎಷ್ಟು ನಗುತ್ತಿದ್ದೆ!

ಜಾಗ ಸಾಲದೆ ಅಂಚಿನಲ್ಲಿ ಬರೆಯುತ್ತಿದ್ದೇನೆ. ಬೇಗ ಬರೆ, ಎಡಗೈಯಲ್ಲೇ ಬರೆ.

ಯಾವಾಗಲೂ ನಿನ್ನವಳೇ ಆದ
ನತಾಲಿ


ವಂದಿಗೆ, ಅಂಕೋಲೆ
ತಾ. ೧೯ ಮಾರ್ಚ್ ೧೯೩೨

ನತಾಲೀ,

ಬುಟ್ಟಿ ಮುಟ್ಟಿತು. ದೊದೊಲ್ ಚೆನ್ನಾಗಿತ್ತು ಎಂದು ಅತ್ತೆ ಹೇಳಿದರು. ನಾನು ಬಾಯಿಗಿಡಲಿಲ್ಲ.

ನನ್ನ ಕೈ ಬಂದಾಗ ನೀನು ಬರೆದ ಕಾಗದ ಒಂದು ಪುಟವೂ ತುಂಬಿರಲಿಲ್ಲ. ಕೈ ಬಿದ್ದಾಗ ಬರೆದ ಕಾಗದದಲ್ಲಿ ಅಂಚಿನಲ್ಲೂ ಜಾಗ ಉಳಿದಿಲ್ಲ. ನಿನಗೆ ಇಷ್ಟು ಸಂತೋಷ ಕೊಡಬಲ್ಲೆನೆಂದು ನನಗೆ ಗೊತ್ತಿರಲಿಲ್ಲ.

ಇಲ್ಲಿ ಪೋಲೀಸರ ಓಡಾಟ ಹೆಚ್ಚಾಗಿದೆ. ಸದ್ಯಕ್ಕೆ ಈ ಕಡೆ ಬರಬೇಡ.

ಗಂಗೂ


ವಂದಿಗೆ, ಅಂಕೋಲೆ
ತಾ. ೮ ಎಪ್ರಿಲ್ ೧೯೩೨

ನತಾಲೀ,

ಇದು ಬಲಗೈಯ ಅಕ್ಷರ. ಇನ್ನು ಮುಚ್ಚಿಡುವುದು ಏನಿದೆ?

ನಿನ್ನೆ ಈರುಳ್ಳಿ ಮಡಿಗೆ ನೀರು ಹೊಯ್ದು ಬರುವಾಗ ಬೇಲಿ ದಾಟುವ ದಣಪೆಯ ಮೇಲೆ ಒಂದು ಗಂಟು ಕಂಡೆ. ಬಿಚ್ಚಿದರೆ ಒಳಗೆ ಸಣ್ಣ ಬಾಟಲಿಯಲ್ಲಿ ಎಣ್ಣೆ, ಬಾಟಲಿಯ ಕೊರಳಿಗೆ ಸಾಯಬನ ಚಿತ್ರ. ಆಚೆಮನೆಯ ಬೊಮ್ಮಿ ಬಂದು, "ಯಾರೋ ಕಿರಿಸ್ತಾಂವ ಬಾಯಿ ಬಂದಿತ್ತು ಗೆ. ನಿಮ್ಮ ಬಾವಿ ಕಡಿಗೆ ನೋಡ್ತಾ ನಿಂತಿತ್ತು. ಕರೀಲೇನೆ ಅಂದ್ರೆ ಬ್ಯಾಡ ಅಂತು. ಅತ್ತಂಗೆ ಕಂಡ್ತು" ಎಂದಳು. ನಾನು ಆಗ ಎರಡೂ ಕೈಯಲ್ಲಿ ಹಗ್ಗ ಜಗ್ಗಿ ನೀರು ಸೇದುತ್ತಿದ್ದೆ.

ಹೌದು, ಸುಳ್ಳು ಬರೆದೆ. ಕೈ ಬೀಳಲಿಲ್ಲ. ನನ್ನ ಅಕ್ಷರ ಕಂಡರೆ ನಿನ್ನ ಎದೆಗೆ ಕೆಂಡ ಇಟ್ಟಂತಾಗುತ್ತದೆ ಎಂದೆ. ಕೈಯನ್ನು ಕತ್ತರಿಸಿ ಎಸೆಯಲಾಗುತ್ತದೆಯೇ? ಇಲ್ಲವೆಂದು ಬರೆದರೆ ನೀನು ತಣ್ಣಗಾಗುತ್ತೀ ಎಂದುಕೊಂಡೆ. ನೀನು ತಣ್ಣಗಾಗುವುದಷ್ಟೇ ಅಲ್ಲ, ಹಾಡಿಕೊಂಡು ದೊದೊಲ್ ಕಲಕಿದೆ. ಅದನ್ನು ಓದಿದ ದಿನ ನಾನು ಅತ್ತದ್ದು ನಿನಗೆ ಗೊತ್ತಿಲ್ಲ.

ಹೊಟ್ಟೆಕಿಚ್ಚು ನಿನ್ನೊಬ್ಬಳ ಸೊತ್ತು ಎಂದು ತಿಳಿದಿದ್ದೀಯಾ? ನನ್ನ ಕೈ ಬಿದ್ದದ್ದು ಯಾವ ವರ್ಷ, ನೆನಪು ಮಾಡಿಕೋ. ಒಂಬತ್ತು ತಿಂಗಳು ಹೊತ್ತದ್ದನ್ನು ಬಟ್ಟೆಯಲ್ಲಿ ಸುತ್ತಿ ಒಯ್ದ ವರ್ಷ ಅದು. ನಾನು ಎತ್ತಿಕೊಳ್ಳಲು ಕೈ ಚಾಚಿದೆ, ಕೊಡಲಿಲ್ಲ. ಆಮೇಲೆ ಆ ಕೈ ಏಳಲಿಲ್ಲ. ಆ ದಿನಗಳಲ್ಲಿ ನೀನು, ರೆಜಿನ್ ಹೀಗೆಂದಳು ಹಾಗೆಂದಳು, ರೆಜಿನಳ ಕಾಲು ಹೀಗಾಯಿತು ಎಂದು ಪುಟಗಟ್ಟಲೆ ಬರೆಯುತ್ತಿದ್ದೆ. ಓದುತ್ತ ಕೂತು ನಾನು ಅಂದುಕೊಳ್ಳುತ್ತಿದ್ದೆ: ಅವಳ ಮಗಳು ನಡೆಯುವುದಿಲ್ಲ, ನನ್ನದು ಅಳಲೂ ಇಲ್ಲ. ಅದನ್ನು ನಿನಗೆ ಬರೆಯಲು ನಮ್ಮನೆಯವರಿಗೆ ಹೇಗೆ ಹೇಳಲಿ? ಅವರದೂ ಅದೇ ಮಗುವಲ್ಲವೇ?

ಆದರೂ ಪಾದದ ಹತ್ತಿರ ನಾನು ಕೇಳಿದ್ದು ರೆಜಿನಳ ಕಾಲನ್ನೇ. ನೀನು ಏನು ಬೇಕಾದರೂ ತಿಳಿದುಕೋ, ಅದೊಂದನ್ನು ಸುಳ್ಳೆನ್ನಬೇಡ.

ಗಂಗೂ


ಸುಂಕೇರಿ, ಕಾರವಾರ
ತಾ. ೨೩ ಎಪ್ರಿಲ್ ೧೯೩೨

ಗಂಗೂ,

ಎರಡು ವಾರ ಬರೆದದ್ದನ್ನು ಹರಿದೆ. ಇದನ್ನು ಹರಿಯುವುದಿಲ್ಲ.

ಬುಟ್ಟಿ ಮುಟ್ಟಿದ ಮೇಲೆ ನೀನು ಬರೆದ ಕಾಗದ ನನ್ನ ಮುಖಕ್ಕೆ ಹೊಡೆದ ಹಾಗಿತ್ತು. ನಾನು ಹಾಡಿದ್ದು ಏಕೆಂದು ಆಗ ನನಗೇ ತಿಳಿಯಿತು. ನಾಚಿಕೆಯಿಂದ ಪಾದ್ರಿಗಳ ಹತ್ತಿರ ಹೋಗಿ ಸಾಯಬನ ದೀಪದ ಎಣ್ಣೆ ಬೇಡಿದೆ. ಗೋವೆಯಿಂದ ಬಂದದ್ದು ಅವರ ಬಳಿ ಸ್ವಲ್ಪ ಇತ್ತು. ನಿನ್ನ ಕೈಗೆ ನಾನೇ ತಿಕ್ಕಬೇಕು, ಕಾಲಿಗೆ ಬಿದ್ದಾದರೂ ನಿನ್ನನ್ನು ಒಲಿಸಿಕೊಳ್ಳಬೇಕು ಎಂದು, ನೀನು ಬೇಡವೆಂದರೂ ಬಂದೆ. ದಾರಿಯುದ್ದಕ್ಕೂ ಒಂದೇ ಜಪ: "ಸಾಯಬಾ, ಗಂಗೂನ ಕೈ ತಿರುಗಿ ಕೊಡು." ಗೋವೆಯಲ್ಲಿ ಒಮ್ಮೆಯೂ ನಿನ್ನ ಕೈಯ ಹೆಸರು ನನ್ನ ಬಾಯಲ್ಲಿ ಬಂದಿರಲಿಲ್ಲ. ನೀನು ನನ್ನ ಮಗಳಿಗಾಗಿ ಕೇಳುತ್ತಿದ್ದಾಗ ನಾನು ನಿನಗಾಗಿ ಏನನ್ನೂ ಕೇಳಲಿಲ್ಲ.

ದಣಪೆಯ ಹತ್ತಿರ ಬಂದಾಗ ನೀನು ನೀರು ಸೇದುತ್ತಿದ್ದೆ. ಬಲಗೈ ಮೇಲೆ, ಎಡಗೈ ಕೆಳಗೆ. ಕೊಡ ಮೇಲೆ ಬಂದಾಗ ಅದನ್ನು ಒಂದೇ ಕೈಯಲ್ಲಿ ಎಳೆದುಕೊಂಡು ಸೊಂಟಕ್ಕಿಟ್ಟೆ. ಸಾಯಬ ನನ್ನ ಜಪವನ್ನು ಅಷ್ಟು ಬೇಗ ಕೇಳಿದನೆಂದು ಒಂದು ಗಳಿಗೆ ನಂಬಿದೆ, ಗಂಗೂ! ಖುಷಿಯಿಂದ ಕೂಗಲು ಬಾಯಿ ತೆರೆದೆ. ಆಮೇಲೆ ನೋಡಿದೆ. ಈರುಳ್ಳಿ ಮಡಿಯೆಲ್ಲ ಹಸಿಯಾಗಿತ್ತು. ಆ ಕೈಗೆ ಆ ಹಗ್ಗ ಇವತ್ತಿನದಲ್ಲ ಎಂದು ಗೊತ್ತಾಯಿತು.

ಸುಳ್ಳಿಗೆ ನನಗೆ ಸಿಟ್ಟು ಬರಲಿಲ್ಲ. ಬಂದದ್ದು ಮತ್ತೆ ಅದೇ ಹೊಟ್ಟೆಕಿಚ್ಚು. ಬಂದ ಕೈಯನ್ನು ಇಲ್ಲವೆನ್ನುವಷ್ಟು ನೀನು ದೊಡ್ಡವಳಾದೆ, ನನಗೆ ಅದೂ ಆಗಲಿಲ್ಲ ಎನಿಸಿತು. ಅದಕ್ಕೇ ಅಳು ಬಂತು, ಅದಕ್ಕೇ ಓಡಿಬಂದೆ.

ನಿನ್ನ ಮಗುವಿನ ವಿಷಯ. ನೀನು ಬರೆದದ್ದನ್ನು ಓದಿ ರೆಜಿನಳ ಅಪ್ಪನಿಗೆ ತೋರಿಸಿದೆ. ಅವರು ಕಾಗದವನ್ನು ಮಡಚಿ ನನ್ನ ಕೈಗಿಟ್ಟರು. ಆಮೇಲೆ, "ನಾವು ಒಂದು ದಿವ್ಸನೂ ಆ ಮಗೂಗೆ ಜಪ ಹೇಳ್ಸಲಿಲ್ಲ" ಎಂದರು. ಮಾರನೆಯ ಬೆಳಿಗ್ಗೆ ಇಬ್ಬರೂ ಹೋಗಿ ಹೇಳಿಸಿದೆವು. ಹೆಸರೇನೆಂದು ಪಾದ್ರಿ ಕೇಳಿದರು. ನನಗೆ ಗೊತ್ತಿರಲಿಲ್ಲ. "ಗಂಗೂನ ಮಗು" ಎಂದೆ.

ಈಗ ಇನ್ನೊಂದು ಮಾತು. ಮೇ ತಿಂಗಳ ಎರಡನೇ ಭಾನುವಾರ ರೆಜಿನಳಿಗೆ ಮೊದಲ ಪರಮಪ್ರಸಾದ, ಪಾದ್ರಿಗಳಿಂದ ಮೊದಲ ಸಲ ಪವಿತ್ರ ರೊಟ್ಟಿ ತೆಗೆದುಕೊಳ್ಳುವ ದಿನ. ಮಕ್ಕಳೆಲ್ಲ ಬಿಳಿ ಬಟ್ಟೆ ಹಾಕಿಕೊಂಡು ಪೀಠದವರೆಗೆ ನಡೆದುಹೋಗುತ್ತಾರೆ. ನಡೆಯಲಾಗುವ ದಿನ ಬರಲಿ ಎಂದು ನಾನು ಮುಂದೂಡುತ್ತಿದ್ದೆ. ಅವಳೇ, "ಮಾಯ್, ನಾ ಎತ್ತಿಸ್ಕಂಡೇ ಹೋಗ್ತೆ. ಈ ವರ್ಷವೇ ಆಗ್ಲಿ" ಎಂದಳು. "ಆಗಲಿ, ನಾನೇ ಎತ್ತಿಕೊಂಡು ಹೋಗ್ತೆ" ಎಂದೆ. ತಲೆ ಅಲ್ಲಾಡಿಸಿದಳು. "ಗಂಗೂ ಮಾವಶಿ ಎತ್ಕಳ್ಲಿ. ಅವ್ಳು ಬೀಳ್ಸೂದಿಲ್ಲ."

ಹೆತ್ತವಳ ಎದುರಿಗೇ ಹಾಗೆಂದಳು. ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತೆ. ಡಿಸೆಂಬರಿನಿಂದ ನನ್ನನ್ನು ಸುಟ್ಟದ್ದು ನಿನ್ನ ಕೈಯಲ್ಲ, ಗಂಗೂ. ಅವಳು ನನ್ನ ಕೈಯಿಂದ ಜಾರಿದಳು. ನಿನ್ನ ಕೈಯಲ್ಲಿ ಉಳಿದಳು. ಅದನ್ನು ಜನರ ಮುಂದೆ ಅಷ್ಟು ಸಲ ಹೇಳಿದ್ದೇನೆ, ನನಗೆ ನಾನು ಮಾತ್ರ ಹೇಳಿಕೊಂಡಿರಲಿಲ್ಲ.

ಪಾದ್ರಿಗಳನ್ನು ಕೇಳಿದ್ದೇನೆ. ಹಿಂದೂವಾದರೂ ಪೀಠದ ಕಟಕಟೆಯವರೆಗೆ ಎತ್ತಿಕೊಂಡು ಬರಬಹುದು ಎಂದರು. ಬರುತ್ತೀಯಾ? ನಿನ್ನ ಕೈಯನ್ನು ನೋಡಿದಾಗ ನನ್ನ ಮುಖ ಸಣ್ಣದಾಗುವುದಿಲ್ಲ ಎಂದು ಮಾತು ಕೊಡಲಾರೆ. ಆಗುತ್ತದೆ. ಆದರೂ ಬಾ.

ನತಾಲಿ


ವಂದಿಗೆ, ಅಂಕೋಲೆ
ತಾ. ೩೦ ಎಪ್ರಿಲ್ ೧೯೩೨

ನತಾಲೀ,

ನಿನ್ನ ಕಾಗದವನ್ನು, ಮೊನ್ನೆ ಸೂರ್ವೆಯಿಂದ ಮರಳಿದ ನಮ್ಮನೆಯವರಿಗೆ ಓದಿ ಹೇಳಿದೆ. "ಗಂಗೂನ ಮಗು" ಎಂಬಲ್ಲಿಗೆ ಬಂದಾಗ ಅವರು ಎದ್ದು ಅಂಗಳಕ್ಕೆ ಹೋದರು. ಅದಕ್ಕೆ ನಾವು ಹೆಸರಿಡಲಿಲ್ಲ. ಹುಡುಗಿ ಅದು. ಇಷ್ಟು ವರ್ಷ ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.

ಅತ್ತೆಗೆ ಹೋಗುವ ವಿಷಯ ತಿಳಿಸಿದೆ. "ಮತ್ತೆ ಕಿರಿಸ್ತಾಂವರ ದೇವಸ್ಥಾನಕ್ಕಾ?" ಎಂದು ಗೊಣಗಿದರು. ಸ್ವಲ್ಪ ಹೊತ್ತಿನ ಮೇಲೆ ಅವರೇ ಬಂದು, "ಆ ಪೋರಿ ಭಾರ ಅದೆ ಅಂದಿದ್ದೆ. ಸೀರೆ ಬಿಗಿಯಾಗಿ ಕಟ್ಕ" ಎಂದರು.

ಭಾರ ಇರುವುದು ನಿಜ. ನಾನೊಬ್ಬಳೇ ಎತ್ತುವುದಿಲ್ಲ. ಒಂದು ಮಗ್ಗುಲಿಗೆ ನಾನು, ಇನ್ನೊಂದು ಮಗ್ಗುಲಿಗೆ ನೀನು. ರೆಜಿನ್ ಬೇಡವೆಂದರೆ, ಮಾವಶಿಗೆ ಒಂದು ಕೈ ಇನ್ನೂ ಹೊಸದು, ಮಾಯ್‌ಯ ಹಳೇ ಕೈ ಜೊತೆಗಿಲ್ಲದಿದ್ದರೆ ಆಗುವುದಿಲ್ಲ ಎಂದು ನಾನೇ ಹೇಳುತ್ತೇನೆ.

ಶುಕ್ರವಾರದ ಮೋಟಾರಿಗೆ ಬರುತ್ತೇನೆ. ಬುಟ್ಟಿ ಗಂಟು ಏನನ್ನೂ ತರುವುದಿಲ್ಲ, ಎರಡೂ ಕೈ ಬೀಸಿಕೊಂಡು ಬರುತ್ತೇನೆ. ಇಳಿಯುವಲ್ಲಿ ಬಂದು ನಿಂತಿರು. ಅಲ್ಲೇ ಕಣ್ತುಂಬ ನೋಡಿ, ಎಷ್ಟು ಉರಿದುಕೊಳ್ಳಬೇಕೋ ಉರಿದುಕೊಂಡುಬಿಡು. ಆಮೇಲೆ ಮನೆಗೆ ಹೋಗೋಣ, ರೆಜಿನ್ ಕಾಯುತ್ತಿರುತ್ತಾಳೆ.

ನಿನ್ನ
ಗಂಗೂ